ಗ್ಲೈಕಾಲ್: ಒಂದು ಹೆಸರು, ಹಲವು ಸ್ವಭಾವ

ವಾಹನದ ರೇಡಿಯೇಟರಿಗೆ ಸುರಿಯುವ ಕೂಲೆಂಟಿನ ಡಬ್ಬಿಯ ಮೇಲೆ ಗ್ಲೈಕಾಲ್ ಎಂಬ ಪದವಿರುತ್ತದೆ. ಮುಖಕ್ಕೆ ಹಚ್ಚುವ ಕ್ರೀಮಿನ ಪದಾರ್ಥಗಳ ಪಟ್ಟಿಯಲ್ಲೂ, ಕೆಲವು ಔಷಧಗಳ ಚೀಟಿಯಲ್ಲೂ ಅದೇ ಪದ ಕಾಣಿಸುತ್ತದೆ. ಇದನ್ನು ಗಮನಿಸಿದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ತೀರ್ಮಾನಕ್ಕೆ ಬರುತ್ತಾರೆ. ಎಂಜಿನ್‌ಗೆ ಹಾಕುವ ವಿಷವನ್ನೇ ಔಷಧಕ್ಕೂ ಬೆರೆಸುತ್ತಾರೆ ಎಂದು ಕೆಲವರು ಗಾಬರಿಯಾಗುತ್ತಾರೆ. ಔಷಧದಲ್ಲಿ ಇರುವುದಾದರೆ ಅದು ನಿರಪಾಯಕಾರಿಯೇ ಇರಬೇಕು ಎಂದು ಇನ್ನು ಕೆಲವರು ನಿಶ್ಚಿಂತರಾಗುತ್ತಾರೆ. ಎರಡೂ ತಪ್ಪು, ಮತ್ತು ಎರಡನೆಯ ತಪ್ಪು ಹಲವು ಬಾರಿ ಜೀವಗಳನ್ನೇ ಬಲಿ ತೆಗೆದುಕೊಂಡಿದೆ. ಗ್ಲೈಕಾಲ್ ಎಂಬುದು ಒಂದು ವಸ್ತುವಿನ ಹೆಸರಲ್ಲ, ಅಣುವಿನ ರಚನೆಯ ಒಂದು ಅಂಶವನ್ನು ಮಾತ್ರ ಹೇಳುವ ವರ್ಗನಾಮ. ಆ ಅಂಶ ಯಾವುದು, ಅದರಿಂದ ಏನನ್ನು ಊಹಿಸಬಹುದು, ಏನನ್ನು ಊಹಿಸಲೇಬಾರದು ಎಂಬುದನ್ನು ತಿಳಿದುಕೊಂಡರೆ ಈ ಪದದ ಸುತ್ತಲಿನ ಗೊಂದಲ ಬಹುಮಟ್ಟಿಗೆ ಕರಗುತ್ತದೆ.

ಒಂದು ಆಮ್ಲಜನಕ ಪರಮಾಣು ಮತ್ತು ಒಂದು ಜಲಜನಕ ಪರಮಾಣು ಸೇರಿದ ಜೋಡಿಯನ್ನು ಹೈಡ್ರಾಕ್ಸಿಲ್ ಗುಂಪು ಎನ್ನುತ್ತಾರೆ. ಏಕಬಂಧಗಳನ್ನಷ್ಟೇ ಹೊಂದಿರುವ ಇಂಗಾಲದ ಪರಮಾಣುವಿಗೆ ಈ ಗುಂಪು ಅಂಟಿಕೊಂಡಿದ್ದರೆ ಅಂಥ ಸಂಯುಕ್ತವು ಆಲ್ಕೋಹಾಲ್. ಮದ್ಯದಲ್ಲಿರುವ ಈಥೈಲ್ ಆಲ್ಕೋಹಾಲಿನ ಅಣುವಿನಲ್ಲಿ ಇಂಗಾಲದ ಎರಡು ಪರಮಾಣುಗಳಿವೆ. ಅವುಗಳಲ್ಲಿ ಒಂದಕ್ಕೆ ಮಾತ್ರ ಹೈಡ್ರಾಕ್ಸಿಲ್ ಗುಂಪು ಇದೆ. ಎರಡಕ್ಕೂ ಒಂದೊಂದು ಹೈಡ್ರಾಕ್ಸಿಲ್ ಗುಂಪು ಇದ್ದರೆ ಅದೇ ಎಥಿಲೀನ್ ಗ್ಲೈಕಾಲ್, ಈ ವರ್ಗದ ಅತ್ಯಂತ ಸರಳ ಸದಸ್ಯ. ಹೀಗೆ ಬೇರೆಬೇರೆ ಇಂಗಾಲದ ಪರಮಾಣುಗಳ ಮೇಲೆ ಎರಡು ಹೈಡ್ರಾಕ್ಸಿಲ್ ಗುಂಪುಗಳನ್ನು ಹೊಂದಿರುವ ಆಲ್ಕೋಹಾಲ್‌ಗಳಿಗೆ ಗ್ಲೈಕಾಲ್ ಎಂದು ಹೆಸರು. ಮೂರು ಗುಂಪುಗಳಿರುವ ಗ್ಲಿಸರಿನ್, ಆರು ಗುಂಪುಗಳಿರುವ ಸಾರ್ಬಿಟಾಲ್ ಮೊದಲಾದವು ಇವುಗಳ ನೆಂಟರು. ಹೀಗೆ ಒಂದಕ್ಕಿಂತ ಹೆಚ್ಚು ಹೈಡ್ರಾಕ್ಸಿಲ್ ಗುಂಪುಗಳಿರುವ ಎಲ್ಲವನ್ನೂ ಒಟ್ಟಾಗಿ ಪಾಲಿಯಾಲ್ ಎನ್ನುವುದುಂಟು.

ಡಯಾಲ್ ಎಂಬ ಪದವೂ ಎರಡು ಹೈಡ್ರಾಕ್ಸಿಲ್ ಗುಂಪುಗಳನ್ನೇ ಸೂಚಿಸುತ್ತದೆ. ಹಾಗಾದರೆ ಎರಡು ಪದಗಳೇಕೆ? ಡಯಾಲ್ ಎಂಬುದು ಅಂತರರಾಷ್ಟ್ರೀಯ ನಾಮಕರಣ ಪದ್ಧತಿಯ ಪದ. ಅದರ ಪ್ರಕಾರ ಎಥಿಲೀನ್ ಗ್ಲೈಕಾಲಿನ ಹೆಸರು ಈಥೇನ್-1,2-ಡಯಾಲ್. ಗ್ಲೈಕಾಲ್ ಎಂಬುದು ಅದಕ್ಕಿಂತ ಹಳೆಯದು, ಕೈಗಾರಿಕೆ ಮತ್ತು ವ್ಯಾಪಾರಗಳಲ್ಲಿ ಬೇರೂರಿರುವುದು. ಅದರ ಬಳಕೆಯಲ್ಲಿ ಎರಡು ಪದರಗಳಿವೆ. ಬಿಗಿಯಾಗಿ ಹೇಳುವಾಗ, ಅಕ್ಕಪಕ್ಕದ ಎರಡು ಇಂಗಾಲಗಳ ಮೇಲೆ ಹೈಡ್ರಾಕ್ಸಿಲ್ ಗುಂಪುಗಳಿರುವ ಸಂಯುಕ್ತಕ್ಕೆ ಮಾತ್ರ ರಸಾಯನಶಾಸ್ತ್ರಜ್ಞರು ಗ್ಲೈಕಾಲ್ ಎನ್ನುತ್ತಾರೆ. ಸಡಿಲವಾಗಿ ಹೇಳುವಾಗ ಅವೆರಡರ ನಡುವೆ ಎಷ್ಟೇ ದೂರವಿದ್ದರೂ ಆ ಪದ ಸಲ್ಲುತ್ತದೆ. ರಾಳ ಮತ್ತು ಬಣ್ಣಗಳ ಉದ್ಯಮದಲ್ಲಿ ಬಳಕೆಯಾಗುವ ನಿಯೋಪೆಂಟೈಲ್ ಗ್ಲೈಕಾಲಿನಲ್ಲಿ ಹೈಡ್ರಾಕ್ಸಿಲ್ ಹೊತ್ತ ಎರಡು ಇಂಗಾಲಗಳ ನಡುವೆ ಇನ್ನೊಂದು ಇಂಗಾಲ ನಿಂತಿದೆ. ಪಠ್ಯದಲ್ಲಿ ಯಾವ ಅರ್ಥ ಉದ್ದೇಶಿತವಾಗಿದೆ ಎಂಬುದನ್ನು ಸಂದರ್ಭದಿಂದಲೇ ತಿಳಿಯಬೇಕು. ಬಿಗಿಯಾದ ಅರ್ಥ ಇಂದಿಗೂ ಏಕೆ ಉಳಿದಿದೆ ಎಂಬುದಕ್ಕೆ ಒಳ್ಳೆಯ ಕಾರಣವಿದೆ. ಅದಕ್ಕೆ ಮುಂದೆ ಬರುತ್ತೇನೆ.

ಈ ಪದವನ್ನು ಕೊಟ್ಟವರು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶಾರ್ಲ್ ಅಡಾಲ್ಫ್ ವುರ್ಟ್ಸ್. ಆಲಿವ್ ಎಣ್ಣೆಯನ್ನು ಸೀಸದ ಆಕ್ಸೈಡಿನೊಡನೆ ಕಾಯಿಸಿದಾಗ ಬರುವ ಸಿಹಿಯಾದ, ಮಂದವಾದ ದ್ರವವನ್ನು, ಅಂದರೆ ಗ್ಲಿಸರಿನ್ನನ್ನು, ಕಾರ್ಲ್ ವಿಲ್ಹೆಲ್ಮ್ ಶೀಲೆ 18ನೇ ಶತಮಾನದಲ್ಲಿಯೇ ಗುರುತಿಸಿದ್ದರು. ಅದು ಆಮ್ಲಗಳೊಡನೆ ಮೂರು ಹಂತಗಳಲ್ಲಿ ಸೇರಬಲ್ಲದು ಎಂಬುದನ್ನು ಮಾರ್ಸೆಲಿನ್ ಬರ್ತೆಲೋ 1850ರ ದಶಕದ ನಡುವಿನಲ್ಲಿ ತೋರಿಸಿಕೊಟ್ಟರು. ಸಾಮಾನ್ಯ ಆಲ್ಕೋಹಾಲ್ ಒಂದೇ ಹಂತದಲ್ಲಿ ಸೇರುತ್ತದೆ, ಗ್ಲಿಸರಿನ್ ಮೂರು ಹಂತಗಳಲ್ಲಿ ಸೇರುತ್ತದೆ ಎಂದಮೇಲೆ ಎರಡು ಹಂತಗಳಲ್ಲಿ ಸೇರುವ ಇನ್ನೊಂದು ವಸ್ತು ನಡುವೆ ಇರಲೇಬೇಕು ಎಂಬುದು ವುರ್ಟ್ಸ್ ಅವರ ತರ್ಕ. ಎಥಿಲೀನಿನ ಅಯೊಡೈಡನ್ನು ಬೆಳ್ಳಿಯ ಅಸಿಟೇಟಿನೊಡನೆ ವರ್ತಿಸುವಂತೆ ಮಾಡಿ, ದೊರೆತ ಎಸ್ಟರನ್ನು, ಅಂದರೆ ಆಮ್ಲವೂ ಆಲ್ಕೋಹಾಲೂ ಬೆಸೆದುಕೊಂಡಂಥ ಸಂಯುಕ್ತವನ್ನು, ಪೊಟ್ಯಾಸಿಯಮ್ ಹೈಡ್ರಾಕ್ಸೈಡಿನಿಂದ ಒಡೆದು, ಅವರು 1856ರಲ್ಲಿ ಆ ನಡುವಿನ ವಸ್ತುವನ್ನು ತಯಾರಿಸಿಯೇಬಿಟ್ಟರು. ಗ್ಲಿಸರಿನ್‌ನ ತಲೆಯನ್ನೂ ಆಲ್ಕೋಹಾಲಿನ ಬಾಲವನ್ನೂ ಕೂಡಿಸಿ ಅದಕ್ಕೆ ಗ್ಲೈಕಾಲ್ ಎಂದು ಹೆಸರಿಟ್ಟರು. ಇಲ್ಲದ ವಸ್ತುವೊಂದನ್ನು ಬರಿಯ ತರ್ಕದಿಂದ ಊಹಿಸಿ, ಆಮೇಲೆ ಅದನ್ನು ಸೀಸೆಯಲ್ಲಿ ಹಿಡಿದು ತೋರಿಸಿದ ಈ ಕೆಲಸಕ್ಕೆ ರಸಾಯನಶಾಸ್ತ್ರದ ಚರಿತ್ರೆಯಲ್ಲಿ ಸಲ್ಲಬೇಕಾದಷ್ಟು ಮನ್ನಣೆ ಜನಪ್ರಿಯ ಬರಹಗಳಲ್ಲಿ ಸಿಕ್ಕಿಲ್ಲ ಎಂದು ನನಗೆ ಅನ್ನಿಸುತ್ತದೆ.

ಹಳೆಯ ಹೆಸರುಗಳು ವಿದ್ಯಾರ್ಥಿಗಳನ್ನು ದಾರಿ ತಪ್ಪಿಸುವ ಜಾಗಗಳು ಎರಡಿವೆ. ಮೊದಲನೆಯದು, ಎಥಿಲೀನ್ ಎಂಬ ಮುಂಭಾಗ. ಎಥಿಲೀನ್ ಅನಿಲದ ಅಣುವಿನಲ್ಲಿ ಇಂಗಾಲಗಳ ನಡುವೆ ದ್ವಿಬಂಧವಿರುತ್ತದೆ. ಆದರೆ ಎಥಿಲೀನ್ ಗ್ಲೈಕಾಲಿನಲ್ಲಿ ದ್ವಿಬಂಧ ಇಲ್ಲ. ಇಲ್ಲಿ ಹೆಸರು ಹೇಳುತ್ತಿರುವುದು ಈಗಿನ ರಚನೆಯನ್ನಲ್ಲ, ಹುಟ್ಟಿದ ಮನೆಯನ್ನು: ಎಥಿಲೀನಿನ ದ್ವಿಬಂಧದ ಎರಡು ತುದಿಗಳಿಗೆ ಒಂದೊಂದು ಹೈಡ್ರಾಕ್ಸಿಲ್ ಸೇರಿದರೆ ಎಥಿಲೀನ್ ಗ್ಲೈಕಾಲ್, ಪ್ರೊಪಿಲೀನಿಗೆ ಹಾಗೆ ಸೇರಿದರೆ ಪ್ರೊಪಿಲೀನ್ ಗ್ಲೈಕಾಲ್. ಎರಡನೆಯದು, ಡೈಎಥಿಲೀನ್ ಗ್ಲೈಕಾಲ್ ಎಂಬ ಹೆಸರು. ಇದನ್ನು ಎಥಿಲೀನ್ ಗ್ಲೈಕಾಲಿನ ಇಮ್ಮಡಿ ಎಂದು ತಿಳಿಯುವುದು ಸಹಜ. ಆದರೆ ಇದರಲ್ಲಿ ನಾಲ್ಕು ಹೈಡ್ರಾಕ್ಸಿಲ್ ಗುಂಪುಗಳಿಲ್ಲ. ಎಥಿಲೀನ್ ಗ್ಲೈಕಾಲಿನ ಎರಡು ಅಣುಗಳು ಒಂದು ನೀರಿನ ಅಣುವನ್ನು ಬಿಟ್ಟುಕೊಟ್ಟು ಆಮ್ಲಜನಕದ ಸೇತುವೆಯ ಮೂಲಕ ಬೆಸೆದುಕೊಂಡಾಗ ಇದು ಉಂಟಾಗುತ್ತದೆ. ನಡುವೆ ಈಥರ್ ಬಂಧ, ಎರಡು ತುದಿಗಳಲ್ಲಿ ಒಂದೊಂದು ಹೈಡ್ರಾಕ್ಸಿಲ್. ಇದೇ ರೀತಿ ಬೆಸೆಯುತ್ತ ಹೋದರೆ ಟ್ರೈಎಥಿಲೀನ್ ಗ್ಲೈಕಾಲ್, ಕೊನೆಗೆ ನೂರಾರು ಘಟಕಗಳ ಪಾಲಿಎಥಿಲೀನ್ ಗ್ಲೈಕಾಲ್ ಸಿಗುತ್ತದೆ. ಸರಪಳಿ ಎಷ್ಟೇ ಉದ್ದವಾದರೂ ತುದಿಗಳು ಎರಡೇ ಆದ್ದರಿಂದ ಅದಕ್ಕೆ ಗ್ಲೈಕಾಲ್ ಎಂಬ ಹೆಸರು ಉಳಿದುಕೊಳ್ಳುತ್ತದೆ.

ಎರಡನೆಯ ಹೈಡ್ರಾಕ್ಸಿಲ್ ಗುಂಪು ಬಂದೊಡನೆ ವಸ್ತುವಿನ ನಡತೆ ಎಷ್ಟು ಬದಲಾಗುತ್ತದೆ ಎಂಬುದನ್ನು ಕುದಿಯುವ ಬಿಂದುಗಳೇ ಹೇಳುತ್ತವೆ. ಒಂದು ಹೈಡ್ರಾಕ್ಸಿಲ್ ಇರುವ ಪ್ರೊಪೈಲ್ ಆಲ್ಕೋಹಾಲಿನ ಅಣುತೂಕ 60; ಅದು 97 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಎಥಿಲೀನ್ ಗ್ಲೈಕಾಲಿನ ಅಣುತೂಕ 62, ಹೆಚ್ಚುಕಡಿಮೆ ಅಷ್ಟೇ. ಆದರೆ ಅದು ಕುದಿಯಬೇಕಾದರೆ 197 ಡಿಗ್ರಿ ಬೇಕು. ತೂಕ ಒಂದೇ ಆಗಿದ್ದೂ ನೂರು ಡಿಗ್ರಿಗಳ ಅಂತರ. ಇದಕ್ಕೆ ಕಾರಣ ಜಲಜನಕ ಬಂಧ. ಒಂದು ಅಣುವಿನ ಹೈಡ್ರಾಕ್ಸಿಲ್‌ನಲ್ಲಿರುವ ಜಲಜನಕವು ಪಕ್ಕದ ಅಣುವಿನ ಆಮ್ಲಜನಕದತ್ತ ಸೆಳೆಯಲ್ಪಡುತ್ತದೆ. ಒಂದೇ ಕೈಯಿಂದ ಹಿಡಿದುಕೊಂಡವರ ಗುಂಪಿಗಿಂತ ಎರಡೂ ಕೈಗಳಿಂದ ಅಕ್ಕಪಕ್ಕದವರನ್ನು ಹಿಡಿದುಕೊಂಡವರ ಗುಂಪನ್ನು ಬಿಡಿಸುವುದು ಕಷ್ಟವಾದಂತೆ, ಗ್ಲೈಕಾಲಿನ ಅಣುಗಳನ್ನು ಒಂದರಿಂದೊಂದು ಬಿಡಿಸಿ ಆವಿಯಾಗಿಸಲು ಹೆಚ್ಚು ಶಾಖ ಬೇಕಾಗುತ್ತದೆ. ದ್ರವವು ಮಂದವಾಗಿ ಹರಿಯುವುದಕ್ಕೂ, ಬೇಗ ಆರಿಹೋಗದಿರುವುದಕ್ಕೂ, ನೀರಿನೊಡನೆ ಯಾವ ಪ್ರಮಾಣದಲ್ಲಾದರೂ ಬೆರೆಯುವುದಕ್ಕೂ, ಗಾಳಿಯ ತೇವವನ್ನು ಹೀರಿಕೊಳ್ಳುವುದಕ್ಕೂ ಇದೇ ಕಾರಣ. ಕ್ರೀಮು ಒಣಗದಂತೆ ಪ್ರೊಪಿಲೀನ್ ಗ್ಲೈಕಾಲ್ ಸೇರಿಸುವುದೂ, ನೈಸರ್ಗಿಕ ಅನಿಲದಲ್ಲಿ ಉಳಿದಿರುವ ನೀರಾವಿಯನ್ನು ತೆಗೆಯಲು ಅನಿಲವನ್ನು ಟ್ರೈಎಥಿಲೀನ್ ಗ್ಲೈಕಾಲಿನ ಮೂಲಕ ಹಾಯಿಸುವುದೂ ತತ್ತ್ವದಲ್ಲಿ ಒಂದೇ ಕೆಲಸ.

ಕೂಲೆಂಟಿನ ವಿಷಯದಲ್ಲಿ ಒಂದು ವಿಚಿತ್ರವಿದೆ. ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಶುದ್ಧ ಎಥಿಲೀನ್ ಗ್ಲೈಕಾಲ್ ಸುಮಾರು ಮೈನಸ್ 13 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಇವೆರಡನ್ನೂ ಸಮಪ್ರಮಾಣದಲ್ಲಿ ಬೆರೆಸಿದರೆ ಮಿಶ್ರಣದ ಹೆಪ್ಪುಗಟ್ಟುವ ಬಿಂದು ಇವೆರಡರ ನಡುವೆ ಎಲ್ಲೋ ಇರಬೇಕೆಂದು ಅನ್ನಿಸಬಹುದು. ವಾಸ್ತವದಲ್ಲಿ ಅದು ಸುಮಾರು ಮೈನಸ್ 37ಕ್ಕೆ ಇಳಿಯುತ್ತದೆ. ಮಂಜುಗಡ್ಡೆಯಾಗಲು ನೀರಿನ ಅಣುಗಳು ಒಂದು ಕ್ರಮಬದ್ಧ ಜಾಲರಿಯಾಗಿ ಜೋಡಣೆಗೊಳ್ಳಬೇಕು; ನಡುನಡುವೆ ಸೇರಿಕೊಂಡ ಗ್ಲೈಕಾಲಿನ ಅಣುಗಳು ನೀರಿನೊಡನೆ ತಾವೇ ಬಂಧ ಬೆಳೆಸಿ ಆ ಜೋಡಣೆಗೆ ಅಡ್ಡಿಯಾಗುತ್ತವೆ. ಗ್ಲೈಕಾಲೂ ಅಷ್ಟೇ, ತನ್ನದೇ ಹರಳುಗಳನ್ನು ಕಟ್ಟಲು ನೀರು ಬಿಡುವುದಿಲ್ಲ. ಗ್ಲೈಕಾಲಿನ ಪಾಲು ಸುಮಾರು ಶೇಕಡ 60ರಿಂದ 70ರವರೆಗೆ ಏರುತ್ತಿದ್ದಂತೆ ಹೆಪ್ಪುಗಟ್ಟುವ ಬಿಂದು ಇಳಿಯುತ್ತ ಹೋಗಿ, ಅದನ್ನು ದಾಟಿದ ಮೇಲೆ ಮತ್ತೆ ಏರತೊಡಗುತ್ತದೆ. ಆದ್ದರಿಂದ ನೀರು ಬೆರೆಸದೆ ಗ್ಲೈಕಾಲನ್ನೇ ತುಂಬಿದರೆ ಇನ್ನೂ ಒಳ್ಳೆಯದು ಎಂಬ ನಂಬಿಕೆಗೆ ಆಧಾರವಿಲ್ಲ; ಹಾಗೆ ಮಾಡಿದರೆ ಚಳಿಯಿಂದ ರಕ್ಷಣೆಯೂ ಕಡಿಮೆ, ಶಾಖವನ್ನು ಹೊತ್ತೊಯ್ಯುವ ಶಕ್ತಿಯೂ ಕಡಿಮೆ. ಕಾಲಕ್ರಮದಲ್ಲಿ ಬಿಸಿಯಲ್ಲಿ ಗಾಳಿಯೊಡನೆ ವರ್ತಿಸುವ ಗ್ಲೈಕಾಲ್ ಆಮ್ಲಗಳಾಗಿ ಮಾರ್ಪಡುವುದರಿಂದ ಲೋಹ ತುಕ್ಕು ಹಿಡಿಯದಂತೆ ತಡೆಯುವ ರಾಸಾಯನಿಕಗಳನ್ನೂ ಕೂಲೆಂಟಿಗೆ ಸೇರಿಸಿರುತ್ತಾರೆ. ಕೂಲೆಂಟಿನ ಹಸಿರು, ಕೆಂಪು ಬಣ್ಣಗಳು ಸೇರಿಸಿದ ಬಣ್ಣಗಳೇ ಹೊರತು ಗ್ಲೈಕಾಲಿನ ಸ್ವಂತ ಬಣ್ಣವಲ್ಲ. ಗ್ಲೈಕಾಲ್ ನೀರಿನಂತೆ ನಿರ್ವರ್ಣ.

ಗ್ಲೈಕಾಲ್ ಹುಟ್ಟುವುದನ್ನು ಕಣ್ಣಾರೆ ನೋಡುವ ಒಂದು ಸರಳ ಪ್ರಯೋಗ ಕಾಲೇಜು ಪ್ರಯೋಗಾಲಯಗಳಲ್ಲಿ ನಡೆಯುತ್ತದೆ. ಪ್ರನಾಳದಲ್ಲಿ ಪೊಟ್ಯಾಸಿಯಮ್ ಪರ್ಮಾಂಗನೇಟಿನ ತಣ್ಣಗಿನ, ತಿಳಿಯಾದ, ತುಸು ಕ್ಷಾರೀಯ ದ್ರಾವಣವನ್ನು ತೆಗೆದುಕೊಳ್ಳುತ್ತಾರೆ. ಅದರ ಬಣ್ಣ ಗಾಢ ನೇರಳೆ. ಇಂಗಾಲಗಳ ನಡುವೆ ದ್ವಿಬಂಧವಿರುವ ಸಂಯುಕ್ತವನ್ನು ಅದಕ್ಕೆ ಸೇರಿಸಿ ಅಲುಗಿಸಿದರೆ ನೇರಳೆ ಬಣ್ಣ ಮಾಯವಾಗಿ ಕಂದು ಬಣ್ಣದ ಗಷ್ಟು ತಳದಲ್ಲಿ ನಿಲ್ಲುತ್ತದೆ. ಆ ಗಷ್ಟು ಮ್ಯಾಂಗನೀಸ್ ಡೈಆಕ್ಸೈಡ್. ಕಣ್ಣಿಗೆ ಕಾಣದೆ ದ್ರಾವಣದಲ್ಲಿ ಉಳಿದಿರುವುದೇ ಗ್ಲೈಕಾಲ್: ದ್ವಿಬಂಧದ ಒಂದೇ ಮಗ್ಗುಲಿನಿಂದ ಎರಡೂ ಆಮ್ಲಜನಕಗಳು ಸೇರಿಕೊಂಡಿರುತ್ತವೆ. ದ್ವಿಬಂಧವನ್ನು ಪತ್ತೆಹಚ್ಚುವ ಈ ಪರೀಕ್ಷೆಗೆ ಅಡಾಲ್ಫ್ ವಾನ್ ಬೇಯರ್ ಅವರ ಹೆಸರಿದೆ. ಇದನ್ನೇ ಆಸ್ಮಿಯಮ್ ಟೆಟ್ರಾಕ್ಸೈಡಿನ ನೆರವಿನಿಂದ ಇನ್ನೂ ನಯವಾಗಿ, ಒಂದಕ್ಕೊಂದು ಕನ್ನಡಿಯ ಬಿಂಬದಂತಿರುವ ಎಡಗೈ ಬಲಗೈ ರೂಪಗಳಲ್ಲಿ ಬೇಕಾದುದನ್ನೇ ಆರಿಸಿ ಮಾಡುವ ವಿಧಾನವನ್ನು ಬೆಳೆಸಿದವರಲ್ಲಿ ಪ್ರಮುಖರು ಬ್ಯಾರಿ ಶಾರ್ಪ್‌ಲೆಸ್. ಇಂಥ ಉತ್ಕರ್ಷಣ ಕ್ರಿಯೆಗಳ ಮೇಲಿನ ಕೆಲಸಕ್ಕಾಗಿ ಅವರಿಗೆ 2001ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಕಾರ್ಖಾನೆಯ ದಾರಿ ಬೇರೆ. ಬೆಳ್ಳಿಯ ಕ್ರಿಯಾವರ್ಧಕದ ಮೇಲೆ ಎಥಿಲೀನನ್ನು ಆಮ್ಲಜನಕದೊಡನೆ ವರ್ತಿಸುವಂತೆ ಮಾಡಿ ಎಥಿಲೀನ್ ಆಕ್ಸೈಡನ್ನು ಪಡೆಯುತ್ತಾರೆ. ಅದಕ್ಕೆ ನೀರು ಸೇರಿದರೆ ಎಥಿಲೀನ್ ಗ್ಲೈಕಾಲ್. ಆದರೆ ಹೊಸದಾಗಿ ಹುಟ್ಟಿದ ಗ್ಲೈಕಾಲ್ ಕೂಡ ಉಳಿದಿರುವ ಎಥಿಲೀನ್ ಆಕ್ಸೈಡಿನೊಡನೆ ನೀರಿನಂತೆಯೇ ವರ್ತಿಸಬಲ್ಲದು, ಆಗ ಡೈಎಥಿಲೀನ್ ಗ್ಲೈಕಾಲ್ ಉಂಟಾಗುತ್ತದೆ. ಇದನ್ನು ಕಡಿಮೆ ಮಾಡಲು ನೀರನ್ನು ಬಹಳ ಹೆಚ್ಚಾಗಿ ಬಳಸುತ್ತಾರೆ. ಆದರೂ ಅದು ಪೂರ್ತಿ ತಪ್ಪುವುದಿಲ್ಲ, ಬಟ್ಟಿ ಇಳಿಸಿಯೇ ಬೇರ್ಪಡಿಸಬೇಕು. ಹೀಗೆ ತಯಾರಾದ ಎಥಿಲೀನ್ ಗ್ಲೈಕಾಲಿನ ದೊಡ್ಡ ಪಾಲು ಹೋಗುವುದು ಕೂಲೆಂಟಿಗಲ್ಲ, ಪಾಲಿಎಸ್ಟರ್ ನೂಲಿಗೆ ಮತ್ತು ನೀರಿನ ಬಾಟಲಿಗಳಿಗೆ ಬಳಸುವ ಪ್ಲಾಸ್ಟಿಕ್ಕಿಗೆ. ಎರಡು ತುದಿಗಳಲ್ಲೂ ವರ್ತಿಸಬಲ್ಲ ಗ್ಲೈಕಾಲ್, ಎರಡು ತುದಿಗಳಲ್ಲೂ ವರ್ತಿಸಬಲ್ಲ ಟೆರೆಫ್ತಾಲಿಕ್ ಆಮ್ಲದೊಡನೆ ಕೂಡಿದರೆ ಕೊನೆಯಿಲ್ಲದಂತೆ ಸರಪಳಿ ಬೆಳೆಯುತ್ತದೆ. ಇಂಗ್ಲೆಂಡಿನ ಜಾನ್ ವಿನ್‌ಫೀಲ್ಡ್ ಮತ್ತು ಜೇಮ್ಸ್ ಡಿಕ್ಸನ್ 1941ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಒಂದೇ ಹೈಡ್ರಾಕ್ಸಿಲ್ ಇರುವ ಆಲ್ಕೋಹಾಲಿನಿಂದ ಇಂಥ ಸರಪಳಿ ಸಾಧ್ಯವೇ ಇಲ್ಲ. ಮೊದಲ ಕೊಂಡಿಯಲ್ಲೇ ಅದು ನಿಂತುಹೋಗುತ್ತದೆ.

ಈಗ ಬಿಗಿಯಾದ ಅರ್ಥದ ಮಾತಿಗೆ ಬರೋಣ. ಹೈಡ್ರಾಕ್ಸಿಲ್ ಗುಂಪುಗಳು ಅಕ್ಕಪಕ್ಕದ ಇಂಗಾಲಗಳ ಮೇಲಿದ್ದರೆ ಮಾತ್ರ ನಡೆಯುವ ಕೆಲವು ಕ್ರಿಯೆಗಳಿವೆ. ಅವುಗಳಲ್ಲಿ ಅತ್ಯಂತ ಉಪಯುಕ್ತವಾದುದನ್ನು ಫ್ರಾನ್ಸಿನ ಲಿಯೋಂ ಮಾಲಾಪ್ರಾಡ್ 1928ರಲ್ಲಿ ವರದಿ ಮಾಡಿದರು: ಪರ್‌ಅಯೋಡಿಕ್ ಆಮ್ಲವು ಆ ಎರಡು ಇಂಗಾಲಗಳ ನಡುವಿನ ಬಂಧವನ್ನು ಕತ್ತರಿಸಿ, ಪ್ರತಿ ತುದಿಯನ್ನೂ ಆಲ್ಡಿಹೈಡ್ ಅಥವಾ ಕೀಟೋನ್ ಆಗಿ, ಅಂದರೆ ಇಂಗಾಲಕ್ಕೂ ಆಮ್ಲಜನಕಕ್ಕೂ ದ್ವಿಬಂಧವಿರುವ ಸಂಯುಕ್ತವಾಗಿ, ಮಾರ್ಪಡಿಸುತ್ತದೆ. ಹೈಡ್ರಾಕ್ಸಿಲ್‌ಗಳ ನಡುವೆ ಇನ್ನೊಂದು ಇಂಗಾಲ ಬಂದುಬಿಟ್ಟರೆ ಆಮ್ಲ ಅದನ್ನು ಮುಟ್ಟುವುದಿಲ್ಲ. ಕತ್ತರಿಸಿದ ಪ್ರತಿ ಬಂಧಕ್ಕೂ ಆಮ್ಲದ ಒಂದೊಂದು ಅಣು ಖರ್ಚಾಗುವುದರಿಂದ, ಎಷ್ಟು ಖರ್ಚಾಯಿತೆಂದು ಅಳೆದರೆ ಅಣುವಿನಲ್ಲಿ ಅಂಥ ಜೋಡಿಗಳು ಎಷ್ಟಿದ್ದವೆಂದು ಲೆಕ್ಕ ಸಿಗುತ್ತದೆ. ಸಕ್ಕರೆಗಳ ರಚನೆಯನ್ನು ಬಿಡಿಸಲು ರಸಾಯನಶಾಸ್ತ್ರಜ್ಞರಿಗೆ ಇದು ದೊಡ್ಡ ಆಸರೆಯಾಯಿತು.

ರೋಗಪರೀಕ್ಷೆಯ ಪ್ರಯೋಗಾಲಯಗಳಲ್ಲಿ ಇದೇ ಕ್ರಿಯೆ ಇಂದಿಗೂ ದಿನನಿತ್ಯದ ಬಳಕೆಯಲ್ಲಿದೆ. ಅಂಗಾಂಶದ ತೆಳುವಾದ ಸೀಳನ್ನು ಗಾಜಿನ ಪಟ್ಟಿಯ ಮೇಲಿಟ್ಟು ಪರ್‌ಅಯೋಡಿಕ್ ಆಮ್ಲದಲ್ಲಿ ನೆನೆಸುತ್ತಾರೆ. ಅಂಗಾಂಶದಲ್ಲಿರುವ ಗ್ಲೈಕೋಜನ್, ಲೋಳೆಯ ಪದಾರ್ಥಗಳು, ಶಿಲೀಂಧ್ರಗಳ ಗೋಡೆ ಮೊದಲಾದ ಕಡೆಗಳಲ್ಲಿನ ಸಕ್ಕರೆಯ ಘಟಕಗಳಲ್ಲಿ ಅಕ್ಕಪಕ್ಕದ ಹೈಡ್ರಾಕ್ಸಿಲ್‌ಗಳು ಇರುವುದರಿಂದ ಅಲ್ಲಲ್ಲಿ ಆಲ್ಡಿಹೈಡ್‌ಗಳು ಹುಟ್ಟುತ್ತವೆ. ಅನಂತರ ನಿರ್ವರ್ಣವಾದ ಶಿಫ್ ದ್ರಾವಣವನ್ನು ಹಾಕಿದರೆ ಆಲ್ಡಿಹೈಡ್ ಇರುವ ಜಾಗಗಳಷ್ಟೇ ಕೆನ್ನೇರಳೆಗೆ ತಿರುಗುತ್ತವೆ. ಸೂಕ್ಷ್ಮದರ್ಶಕದಲ್ಲಿ ಆ ಬಣ್ಣವನ್ನು ನೋಡಿ ಶಿಲೀಂಧ್ರದ ಸೋಂಕನ್ನೋ ಮೂತ್ರಪಿಂಡದ ಸೋಸುಪದರದ ದಪ್ಪವನ್ನೋ ಗುರುತಿಸುವ ವೈದ್ಯರು ನಿಜವಾಗಿ ನೋಡುತ್ತಿರುವುದು ಗ್ಲೈಕಾಲ್ ಜೋಡಣೆ ಇದ್ದ ತಾಣಗಳನ್ನು. ಆದ್ದರಿಂದಲೇ ಅವರ ಪುಸ್ತಕಗಳಲ್ಲಿ ಗ್ಲೈಕಾಲ್ ಎಂದರೆ ಡಬ್ಬಿಯಲ್ಲಿ ಬರುವ ದ್ರವವಲ್ಲ, ದೊಡ್ಡ ಅಣುವೊಂದರೊಳಗಿನ ಪುಟ್ಟ ಭಾಗ. ಈ ಅರ್ಥದಲ್ಲಿ ಗ್ಲೂಕೋಸಿನಲ್ಲಿಯೂ ಗ್ಲೈಕಾಲ್ ಇದೆ.

ಎರಡೂ ಹೈಡ್ರಾಕ್ಸಿಲ್‌ಗಳು ಒಂದೇ ಇಂಗಾಲದ ಮೇಲಿದ್ದರೆ? ಅಂಥ ಸಂಯುಕ್ತಗಳು ಸಾಮಾನ್ಯವಾಗಿ ನಿಲ್ಲುವುದಿಲ್ಲ. ನೀರನ್ನು ಕಳೆದುಕೊಂಡು ಆಲ್ಡಿಹೈಡ್ ಅಥವಾ ಕೀಟೋನ್ ಆಗಿಬಿಡುತ್ತವೆ. ಇದನ್ನು ಇಲ್ಲಿ ಹೇಳಬೇಕಾದ ಕಾರಣ, ಮೆಥಿಲೀನ್ ಗ್ಲೈಕಾಲ್ ಎಂಬ ಹೆಸರು. ಫಾರ್ಮಾಲ್ಡಿಹೈಡ್ ಅನಿಲ ನೀರಿನಲ್ಲಿ ಕರಗಿದಾಗ ಬಹುಪಾಲು ಈ ರೂಪದಲ್ಲಿರುತ್ತದೆ. ನೀರು ಆರಿದಾಗ, ಬಿಸಿ ತಾಗಿದಾಗ ಮತ್ತೆ ಫಾರ್ಮಾಲ್ಡಿಹೈಡ್ ಹೊರಬರುತ್ತದೆ. ಕೂದಲನ್ನು ನೇರವಾಗಿಸುವ ಕೆಲವು ಉತ್ಪನ್ನಗಳ ಪಟ್ಟಿಯಲ್ಲಿ ಫಾರ್ಮಾಲ್ಡಿಹೈಡಿನ ಬದಲು ಈ ಹೆಸರು ಕಾಣಿಸಿಕೊಂಡದ್ದು ವಿವಾದಕ್ಕೆ ಎಡೆಮಾಡಿತ್ತು. ಗ್ಲೈಕಾಲ್ ಎಂಬ ಪದ ಬಾಲದಲ್ಲಿ ಇದ್ದ ಮಾತ್ರಕ್ಕೆ ಅದು ತೇವ ಹಿಡಿದಿಡುವ ಸೌಮ್ಯ ಪದಾರ್ಥವೆಂದು ತಿಳಿಯುವವರು ಇಲ್ಲಿ ಮೋಸಹೋಗುತ್ತಾರೆ, ಏಕೆಂದರೆ ಕಾಯಿಸಿದ ಕೂದಲಿನಿಂದ ಏಳುವ ಆವಿ ಕ್ಯಾನ್ಸರ್‌ಕಾರಕವೆಂದು ವರ್ಗೀಕೃತವಾದ ಅನಿಲ.

ದೇಹದೊಳಗೆ ಹೋದ ಮೇಲೆ ಗ್ಲೈಕಾಲ್‌ಗಳ ದಾರಿಗಳು ಎಷ್ಟು ಬೇರೆಯಾಗುತ್ತವೆ ಎಂಬುದೇ ಈ ವಿಷಯದ ಅತಿ ಮುಖ್ಯ ಭಾಗ. ಎಥಿಲೀನ್ ಗ್ಲೈಕಾಲ್ ಹೆಚ್ಚಿನ ಪ್ರಮಾಣದಲ್ಲಿ ಒಳಹೋದರೆ ಮದ್ಯದಂತೆ ಅಮಲೇರಿಸುತ್ತದೆ; ನಿಜವಾದ ಹಾನಿ ಶುರುವಾಗುವುದು ಆಮೇಲೆ. ಯಕೃತ್ತಿನಲ್ಲಿ ಮದ್ಯವನ್ನು ಒಡೆಯುವ ಕಿಣ್ವವೇ ಇದನ್ನೂ ಉತ್ಕರ್ಷಿಸಿ ಮೊದಲು ಗ್ಲೈಕಾಲ್ಡಿಹೈಡ್, ಬಳಿಕ ಗ್ಲೈಕಾಲಿಕ್ ಆಮ್ಲ, ಕೊನೆಗೆ ಆಕ್ಸಾಲಿಕ್ ಆಮ್ಲಕ್ಕೆ ದಾರಿಮಾಡುತ್ತದೆ. ಗ್ಲೈಕಾಲಿಕ್ ಆಮ್ಲದಿಂದ ರಕ್ತದ ಆಮ್ಲತೆ ಏರುತ್ತದೆ. ಆಕ್ಸಾಲಿಕ್ ಆಮ್ಲ ರಕ್ತದ ಕ್ಯಾಲ್ಸಿಯಮ್ಮಿನೊಡನೆ ಕೂಡಿ ಕರಗದ ಹರಳುಗಳಾಗಿ ಮೂತ್ರಪಿಂಡದ ನಾಳಗಳಲ್ಲಿ ಕೂರುತ್ತದೆ. ಅಂದರೆ ಕುಡಿದ ವಸ್ತುವಿಗಿಂತ ದೇಹವೇ ಅದರಿಂದ ತಯಾರಿಸುವ ವಸ್ತುಗಳು ಕೊಲ್ಲುತ್ತವೆ. ಚಿಕಿತ್ಸೆಯೂ ಇದೇ ತಿಳಿವಳಿಕೆಯ ಮೇಲೆ ನಿಂತಿದೆ: ಆ ಕಿಣ್ವವನ್ನು ಫೋಮೆಪಿಜೋಲ್ ಎಂಬ ಔಷಧದಿಂದ ತಡೆದು, ಗ್ಲೈಕಾಲ್ ಹಾಗೆಯೇ ಮೂತ್ರದಲ್ಲಿ ಅಥವಾ ಡಯಾಲಿಸಿಸ್ ಮೂಲಕ ಹೊರಹೋಗುವಂತೆ ಮಾಡುತ್ತಾರೆ. ಆ ಔಷಧ ಸಿಗದ ಕಡೆ ವೈದ್ಯರು ಆಸ್ಪತ್ರೆಯಲ್ಲಿ ಈಥೈಲ್ ಆಲ್ಕೋಹಾಲನ್ನೇ ಅಳತೆಯಲ್ಲಿ ಕೊಡುವುದುಂಟು. ಕಿಣ್ವ ಅದನ್ನು ಒಡೆಯುವುದರಲ್ಲಿ ತೊಡಗಿ ಗ್ಲೈಕಾಲನ್ನು ಬಿಟ್ಟುಬಿಡುತ್ತದೆ.

ಪ್ರೊಪಿಲೀನ್ ಗ್ಲೈಕಾಲಿಗೂ ಎಥಿಲೀನ್ ಗ್ಲೈಕಾಲಿಗೂ ಇರುವ ವ್ಯತ್ಯಾಸ ಒಂದು ಇಂಗಾಲ ಮತ್ತು ಎರಡು ಜಲಜನಕ ಪರಮಾಣುಗಳು, ಅಷ್ಟೇ. ಆದರೆ ಅದೇ ಕಿಣ್ವ ಅದನ್ನು ಒಡೆದಾಗ ದೊರೆಯುವುದು ಲ್ಯಾಕ್ಟಿಕ್ ಆಮ್ಲ. ಓಡುವಾಗ ನಮ್ಮ ಸ್ನಾಯುಗಳಲ್ಲಿ ತಾನಾಗಿಯೇ ಉಂಟಾಗುವ, ದೇಹಕ್ಕೆ ಚಿರಪರಿಚಿತವಾದ ವಸ್ತು ಅದು. ಹರಳು ಕಟ್ಟುವ ಪ್ರಶ್ನೆಯೇ ಇಲ್ಲ. ಈ ಕಾರಣದಿಂದಲೇ ಪ್ರೊಪಿಲೀನ್ ಗ್ಲೈಕಾಲನ್ನು ಆಹಾರದಲ್ಲಿಯೂ ಔಷಧದಲ್ಲಿಯೂ ಮಿತಿಯೊಳಗೆ ಬಳಸಲು ಹಲವು ದೇಶಗಳ ನಿಯಂತ್ರಕರು ಒಪ್ಪಿಗೆ ಕೊಟ್ಟಿದ್ದಾರೆ. ಯುರೋಪಿನ ಆಹಾರ ಸಂಕೇತಗಳಲ್ಲಿ ಅದರ ಸಂಖ್ಯೆ ಇ1520. ಮಿತಿಯೊಳಗೆ ಎಂಬ ಮಾತು ಮುಖ್ಯ. ಇದನ್ನು ದ್ರಾವಕವಾಗಿ ಬಳಸಿದ ಚುಚ್ಚುಮದ್ದುಗಳನ್ನು ದೀರ್ಘಕಾಲ ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿದ ಪ್ರಸಂಗಗಳಿವೆ, ಮತ್ತು ನವಜಾತ ಶಿಶುಗಳ ದೇಹ ಇದನ್ನು ನಿಧಾನವಾಗಿ ಹೊರಹಾಕುವುದರಿಂದ ಅವರ ವಿಷಯದಲ್ಲಿ ವೈದ್ಯರು ಹೆಚ್ಚು ಎಚ್ಚರ ವಹಿಸುತ್ತಾರೆ.

ಡೈಎಥಿಲೀನ್ ಗ್ಲೈಕಾಲಿನ ಕಥೆ ಇವೆರಡಕ್ಕಿಂತಲೂ ನೋವಿನದು. 1937ರಲ್ಲಿ ಅಮೆರಿಕದ ಟೆನ್ನೆಸ್ಸೀ ರಾಜ್ಯದ ಔಷಧ ಕಂಪನಿಯೊಂದು ಸಲ್ಫಾನಿಲಮೈಡ್ ಎಂಬ ಔಷಧವನ್ನು ದ್ರವರೂಪದಲ್ಲಿ ಮಾರಲು ಬಯಸಿತು. ಆ ಔಷಧ ನೀರಿನಲ್ಲಿ ಚೆನ್ನಾಗಿ ಕರಗುವುದಿಲ್ಲ. ಡೈಎಥಿಲೀನ್ ಗ್ಲೈಕಾಲಿನಲ್ಲಿ ಕರಗುತ್ತದೆ. ಸುವಾಸನೆ, ಬಣ್ಣ, ರುಚಿಗಳನ್ನು ಪರೀಕ್ಷಿಸಿದರು. ವಿಷತ್ವವನ್ನು ಪರೀಕ್ಷಿಸಲಿಲ್ಲ, ಏಕೆಂದರೆ ಅಂದಿನ ಕಾನೂನು ಅದನ್ನು ಕೇಳುತ್ತಿರಲಿಲ್ಲ. ಕೆಲವೇ ವಾರಗಳಲ್ಲಿ ನೂರಕ್ಕೂ ಹೆಚ್ಚು ಜನ ಮೂತ್ರಪಿಂಡಗಳು ನಿಂತುಹೋಗಿ ಸತ್ತರು. ಅವರಲ್ಲಿ ಅನೇಕರು ಗಂಟಲು ನೋವಿಗೆಂದು ಔಷಧ ಕುಡಿದಿದ್ದ ಮಕ್ಕಳು. ಸರ್ಕಾರಕ್ಕೆ ಹೊರಿಸಲು ಸಾಧ್ಯವಾದ ಆರೋಪವೆಂದರೆ ತಪ್ಪು ಹೆಸರಿನದು: ಔಷಧವನ್ನು ಎಲಿಕ್ಸರ್ ಎಂಬ ಹೆಸರಿನಲ್ಲಿ ಮಾರಿದ್ದರು; ಹಾಗೆ ಕರೆಯಬೇಕಾದರೆ ಅದರಲ್ಲಿ ಈಥೈಲ್ ಆಲ್ಕೋಹಾಲ್ ಇರಬೇಕಿತ್ತು, ಇದರಲ್ಲಿ ಇರಲಿಲ್ಲ. ಸಾವಿಗೆ ಅಲ್ಲ, ಚೀಟಿಯ ಮೇಲಿನ ಒಂದು ಪದಕ್ಕೆ ದಂಡ ತೆರಬೇಕಾಯಿತು. ಈ ದುರಂತದ ಮರುವರ್ಷ, 1938ರಲ್ಲಿ, ಹೊಸ ಔಷಧವನ್ನು ಮಾರುವ ಮುನ್ನ ಅದರ ಸುರಕ್ಷತೆಯನ್ನು ತೋರಿಸಲೇಬೇಕೆಂಬ ಕಾನೂನು ಅಮೆರಿಕದಲ್ಲಿ ಜಾರಿಗೆ ಬಂತು.

ಅಷ್ಟಾದರೂ ಅದೇ ವಿಷ ಮತ್ತೆ ಮತ್ತೆ ಮರಳಿತು. 1990ರ ದಶಕದ ನಡುವಿನಲ್ಲಿ ಹೈಟಿಯಲ್ಲಿ, 2006ರಲ್ಲಿ ಪನಾಮಾದಲ್ಲಿ, 2022ರಲ್ಲಿ ಗ್ಯಾಂಬಿಯಾದಲ್ಲಿ ದ್ರವೌಷಧಗಳಲ್ಲಿ ಅದು ಪತ್ತೆಯಾಯಿತು. ಸತ್ತವರಲ್ಲಿ ಬಹಳ ಮಂದಿ ಮಕ್ಕಳು. ಇಲ್ಲಿ 1937ರಂತೆ ಯಾರೂ ಅದನ್ನು ಹೆಸರು ಹೇಳಿ ಬಳಸಿರಲಿಲ್ಲ. ಹೈಟಿ ಮತ್ತು ಪನಾಮಾಗಳಲ್ಲಿ ಗ್ಲಿಸರಿನ್ ಎಂಬ ಚೀಟಿಯಡಿ ಬಂದ ಪೀಪಾಯಿಗಳಲ್ಲಿ ಅದು ಸೇರಿಕೊಂಡಿತ್ತು. ಹೀಗಾಗುವುದಕ್ಕೆ ರಸಾಯನಶಾಸ್ತ್ರವೇ ಅನುಕೂಲ ಮಾಡಿಕೊಟ್ಟಿದೆ: ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಡೈಎಥಿಲೀನ್ ಗ್ಲೈಕಾಲ್ ಮೂರೂ ನಿರ್ವರ್ಣ, ಮೂರೂ ಮಂದ, ಮೂರೂ ನೀರಿನಲ್ಲಿ ಬೆರೆಯುತ್ತವೆ, ಮೂರಕ್ಕೂ ಸಿಹಿ ಛಾಯೆಯಿದೆ. ಕಣ್ಣು, ಮೂಗು, ನಾಲಗೆಗಳಿಗೆ ಇವುಗಳ ಭೇದ ತಿಳಿಯದು. ಬೆಲೆಯಲ್ಲಿ ಮಾತ್ರ ಅಂತರವಿದೆ, ಕಲಬೆರಕೆಗೆ ಅದೇ ಪ್ರೇರಣೆ. ಆದ್ದರಿಂದ ಔಷಧ ತಯಾರಕರು ಪ್ರತಿ ಪೀಪಾಯಿಯಿಂದಲೂ ಮಾದರಿ ತೆಗೆದು ಗ್ಯಾಸ್ ಕ್ರೊಮಟೋಗ್ರಫಿಯಂಥ ಪರೀಕ್ಷೆಗೆ ಒಡ್ಡಬೇಕು. ಅಮೆರಿಕದ ಔಷಧಕೋಶದ ಪ್ರಕಾರ ಗ್ಲಿಸರಿನ್ನಿನಲ್ಲಿ ಡೈಎಥಿಲೀನ್ ಗ್ಲೈಕಾಲಾಗಲಿ ಎಥಿಲೀನ್ ಗ್ಲೈಕಾಲಾಗಲಿ ಶೇಕಡ 0.10ನ್ನು ಮೀರುವಂತಿಲ್ಲ. ಪೂರೈಕೆದಾರನ ಪ್ರಮಾಣಪತ್ರವನ್ನು ನಂಬಿ ಈ ಪರೀಕ್ಷೆಯನ್ನು ಬಿಟ್ಟುಬಿಡುವುದು ನನ್ನ ಮಟ್ಟಿಗೆ ಕ್ಷಮೆಗೆ ಅರ್ಹವಾದ ಅಲಕ್ಷ್ಯವಲ್ಲ.

ಅಣು ದೊಡ್ಡದಾದಂತೆ ಚಿತ್ರ ಮತ್ತೆ ಬದಲಾಗುತ್ತದೆ. ದೊಡ್ಡ ಅಣುಗಳ ಪಾಲಿಎಥಿಲೀನ್ ಗ್ಲೈಕಾಲ್ ಕರುಳಿನಿಂದ ರಕ್ತಕ್ಕೆ ಹೀರಿಕೆಯಾಗುವುದೇ ಇಲ್ಲವೆನ್ನುವಷ್ಟು ಕಡಿಮೆ. ನೀರನ್ನು ಹಿಡಿದಿಟ್ಟುಕೊಂಡು ಕರುಳಿನಲ್ಲೇ ಸಾಗುವುದರಿಂದ ಮಲಬದ್ಧತೆಗೆ ಅದನ್ನು ಮ್ಯಾಕ್ರೋಗಾಲ್ ಎಂಬ ಹೆಸರಿನಲ್ಲಿ ಕೊಡುತ್ತಾರೆ. 1628ರಲ್ಲಿ ಮುಳುಗಿ 1961ರಲ್ಲಿ ಮೇಲೆತ್ತಲಾದ ಸ್ವೀಡನ್ನಿನ ವಾಸಾ ಹಡಗಿನ ಮರ ಒಣಗಿ ಬಿರುಕು ಬಿಡದಂತೆ ಇದೇ ದ್ರಾವಣವನ್ನು ವರ್ಷಗಟ್ಟಲೆ ಸಿಂಪಡಿಸಿದರು. ಮರದ ಕೋಶಗಳಿಂದ ನೀರು ಹೊರಹೋದ ಜಾಗವನ್ನು ಗ್ಲೈಕಾಲ್ ತುಂಬಿಕೊಂಡಿತು.

ಹೆಸರಿನಲ್ಲಿ ಗ್ಲೈಕಾಲ್ ಸುಳಿದರೂ ಗ್ಲೈಕಾಲ್ ಅಲ್ಲದವುಗಳ ಬಗ್ಗೆ ಎರಡು ಮಾತು ಸಾಕು. ಚರ್ಮದ ಆರೈಕೆಯಲ್ಲಿ ಬಳಸುವ ಗ್ಲೈಕಾಲಿಕ್ ಆಮ್ಲದಲ್ಲಿ ಒಂದು ಹೈಡ್ರಾಕ್ಸಿಲ್, ಇನ್ನೊಂದು ಆಮ್ಲದ ಗುಂಪು. ಅದು ಗ್ಲೈಕಾಲಿನಿಂದ ಹುಟ್ಟಬಲ್ಲದು, ಗ್ಲೈಕಾಲ್ ಅಲ್ಲ. ಬಣ್ಣ ಮತ್ತು ಶುಚಿಕಾರಕಗಳಲ್ಲಿರುವ ಗ್ಲೈಕಾಲ್ ಈಥರ್‌ಗಳಲ್ಲಿ ಒಂದು ಅಥವಾ ಎರಡೂ ಹೈಡ್ರಾಕ್ಸಿಲ್‌ಗಳು ಈಥರ್ ಆಗಿ ಮುಚ್ಚಿಹೋಗಿರುತ್ತವೆ, ಅವುಗಳ ಅಪಾಯದ ಲೆಕ್ಕವೇ ಬೇರೆ.

ಆದ್ದರಿಂದ ಚೀಟಿಯನ್ನು ಓದುವಾಗ ಗ್ಲೈಕಾಲ್ ಎಂಬ ಪದಕ್ಕಿಂತ ಅದರ ಹಿಂದಿರುವ ವಿಶೇಷಣವನ್ನೇ ಮೊದಲು ನೋಡಬೇಕು: ಎಥಿಲೀನ್, ಡೈಎಥಿಲೀನ್, ಪ್ರೊಪಿಲೀನ್, ಪಾಲಿಎಥಿಲೀನ್. ಅದೂ ಸಂದಿಗ್ಧವಾಗಿ ಕಂಡರೆ, ರಾಸಾಯನಿಕ ಪೀಪಾಯಿಗಳ ಜೊತೆಗೆ ಬರುವ ಸುರಕ್ಷತಾ ಪತ್ರದಲ್ಲಿ ಪ್ರತಿ ವಸ್ತುವಿಗೂ ಒಂದೊಂದು ನೋಂದಣಿ ಸಂಖ್ಯೆ ಇರುತ್ತದೆ. ಎಥಿಲೀನ್ ಗ್ಲೈಕಾಲಿಗೆ 107-21-1, ಪ್ರೊಪಿಲೀನ್ ಗ್ಲೈಕಾಲಿಗೆ 57-55-6, ಡೈಎಥಿಲೀನ್ ಗ್ಲೈಕಾಲಿಗೆ 111-46-6. ಹೆಸರು ಯಾವ ಭಾಷೆಯಲ್ಲಿದ್ದರೂ, ವ್ಯಾಪಾರಿ ಅದನ್ನು ಏನೆಂದು ಕರೆದರೂ ಈ ಸಂಖ್ಯೆಗಳು ಬದಲಾಗುವುದಿಲ್ಲ. ಪೀಪಾಯಿಯೊಳಗೆ ಇರುವುದು ಆ ಸಂಖ್ಯೆಯ ವಸ್ತುವೇ ಹೌದೇ ಎಂಬುದನ್ನು ಮಾತ್ರ ಪರೀಕ್ಷೆಯೇ ಹೇಳಬೇಕು.